ಶಕುಂತಲಾ ದೇವಿಯ ಸಂಖ್ಯೆ, ಫೋರ್ಟಿನ ಬೀಗ

201 ಅಂಕಿಗಳ ಒಂದು ಸಂಖ್ಯೆಯ ಕಥೆ ಇದು. ಅದು 9167ರಿಂದ ಶುರುವಾಗಿ 6771ರಲ್ಲಿ ಮುಗಿಯುತ್ತದೆ. ಪೂರ್ತಿ ಬರೆದರೆ ಈ ಸಂಚಿಕೆಯ ನಾಲ್ಕೈದು ಸಾಲು ತಿಂದುಹಾಕುತ್ತದೆ, ಓದುವವರೂ ಇರುವುದಿಲ್ಲ, ಹಾಗಾಗಿ ಬರೆಯುವುದಿಲ್ಲ. ಒಂದು ಕೋಟಿ ಬರೆಯಲು ಎಂಟು ಅಂಕಿ ಸಾಕು ಎಂದು ನೆನಪಿಸಿಕೊಂಡರೆ 201 ಅಂಕಿ ಎಂದರೆ ಎಷ್ಟು ದೊಡ್ಡದು ಎಂಬ ಅಂದಾಜು ಸಿಕ್ಕೀತು.

1977ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಈ ಸಂಖ್ಯೆಯನ್ನು ಬೆಂಗಳೂರಿನ ಹೆಣ್ಣುಮಗಳೊಬ್ಬಳ ಮುಂದೆ ಇಟ್ಟರು. ಪ್ರಶ್ನೆ ಇಷ್ಟೇ: ಯಾವ ಸಂಖ್ಯೆಯನ್ನು 23 ಸಲ ಬರೆದು ಒಂದಕ್ಕೊಂದು ಗುಣಿಸಿದರೆ ಇದು ಬರುತ್ತದೆ? ಅಂದರೆ, ಇದರ 23ನೇ ಮೂಲ ಯಾವುದು? ಶಕುಂತಲಾ ದೇವಿ 50 ಸೆಕೆಂಡುಗಳಲ್ಲಿ ಉತ್ತರ ಹೇಳಿದರು: 54,63,72,891. ಯೂನಿವ್ಯಾಕ್ ಕಂಪ್ಯೂಟರಿನಲ್ಲಿ ಇದನ್ನು ತಾಳೆ ನೋಡಲು ಪ್ರತ್ಯೇಕ ಪ್ರೋಗ್ರಾಮ್ ಬರೆಯಬೇಕಾಯಿತು, ಅದಕ್ಕೆ 62 ಸೆಕೆಂಡು ಹಿಡಿಯಿತು ಎಂದು ಆಗಿನಿಂದಲೂ ಬರೆಯುತ್ತ ಬಂದಿದ್ದಾರೆ.

ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಪ್ರತಿ ನವೆಂಬರ್ 4ರಂದು, ಅಂದರೆ ಆಕೆಯ ಹುಟ್ಟುಹಬ್ಬದ ದಿನ, ‘ಕಂಪ್ಯೂಟರನ್ನು ಸೋಲಿಸಿದ ಕನ್ನಡತಿ’ ಎಂಬ ಸಂದೇಶ ಬರುತ್ತದೆ. ಹೆಮ್ಮೆಯೇ ಸರಿ. ಆದರೆ 50 ಮತ್ತು 62ರ ಓಟದ ಲೆಕ್ಕದಲ್ಲಿ ನನಗೆ ಅಷ್ಟೇನೂ ಸ್ವಾರಸ್ಯ ಕಾಣುವುದಿಲ್ಲ. ಯೂನಿವ್ಯಾಕ್ 1101 ಆ ಹೊತ್ತಿಗೆ ಕಾಲು ಶತಮಾನದಷ್ಟು ಹಳೆಯ ಯಂತ್ರ. ಇವತ್ತು ಮೊಮ್ಮಗಳ ಕೈಯಲ್ಲಿರುವ ಫೋನು ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಉತ್ತರ ಕೊಡುತ್ತದೆ. ಓಟವೊಂದೇ ಮುಖ್ಯವಾಗಿದ್ದರೆ ಶಕುಂತಲಾ ದೇವಿ ಇಷ್ಟು ಹೊತ್ತಿಗೆ ಹಳೆಯ ದಾಖಲೆಯಾಗಿ ಹೋಗಬೇಕಿತ್ತು. ಅವರು ಮುಟ್ಟಿದ ಲೆಕ್ಕ ಎಂಥದ್ದು ಎಂಬುದು ಇನ್ನೂ ದೊಡ್ಡ ವಿಷಯ. ಅದಕ್ಕೂ ನಮ್ಮ ಫೋರ್ಟಿನ ಬ್ಯಾಂಕುಗಳಿಗೂ ನಂಟಿದೆ.

ಫೋರ್ಟಿಗೂ ಅವರಿಗೂ ನೇರವಾದ ನಂಟು ಒಂದುಂಟು, ನಮ್ಮಲ್ಲಿ ಬಹಳ ಮಂದಿ ಮರೆತದ್ದು. 1980ರ ಲೋಕಸಭಾ ಚುನಾವಣೆಯಲ್ಲಿ ಶಕುಂತಲಾ ದೇವಿ ಎರಡು ಕಡೆ ಪಕ್ಷೇತರರಾಗಿ ನಿಂತರು. ಒಂದು ಆಂಧ್ರದ ಮೇದಕ್, ಸಾಕ್ಷಾತ್ ಇಂದಿರಾ ಗಾಂಧಿಯವರ ಎದುರು. ಇನ್ನೊಂದು ದಕ್ಷಿಣ ಬೊಂಬಾಯಿ, ಅಂದರೆ ನಮ್ಮ ಫೋರ್ಟ್ ಇರುವ ಕ್ಷೇತ್ರ. ಎರಡೂ ಕಡೆ ಸೋತರು. ಮೇದಕ್‌ನಲ್ಲಿ ಒಂಬತ್ತನೇ ಸ್ಥಾನ. ಲೆಕ್ಕ ಬಲ್ಲವರಿಗೆ ಮತದ ಲೆಕ್ಕ ಗೊತ್ತಿರಲಿಲ್ಲವೇ ಎಂದು ಆಗ ನಕ್ಕವರಿರಬಹುದು. ಗೊತ್ತಿದ್ದೂ ನಿಂತರು ಎಂದೇ ನಾನು ತಿಳಿಯುತ್ತೇನೆ. ಡಲ್ಲಾಸಿನ ಆ 1977ರಲ್ಲೇ ಅವರು ಸಲಿಂಗಕಾಮಿಗಳ ಬದುಕಿನ ಬಗ್ಗೆ, ಅವರನ್ನು ಅಪರಾಧಿಗಳಂತೆ ಕಾಣಬಾರದು ಎಂದು ಒಂದು ಪುಸ್ತಕವನ್ನೇ ಪ್ರಕಟಿಸಿದ್ದರು. ಆ ಕಾಲದಲ್ಲಿ ಅಂಥ ಪುಸ್ತಕ ಬರೆದ ಹೆಂಗಸಿಗೆ ಠೇವಣಿ ಹೋಗುವ ಭಯ ಎಷ್ಟಿದ್ದೀತು?

ಅವರ ಬಾಲ್ಯದ ಕಥೆ ನಿಮಗೆ ಗೊತ್ತೇ ಇದೆ. 1929ರಲ್ಲಿ ಬೆಂಗಳೂರಿನ ಕನ್ನಡ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ್ದು. ತಂದೆ ಮನೆತನದ ವೃತ್ತಿ ಬಿಟ್ಟು ಸರ್ಕಸ್ ಸೇರಿದವರು. ಇಸ್ಪೀಟಿನ ಆಟ ಆಡಿಸುವಾಗ ಮೂರು ವರ್ಷದ ಮಗಳ ನೆನಪಿನ ಶಕ್ತಿ ಅವರ ಕಣ್ಣಿಗೆ ಬಿದ್ದದ್ದು. ಆರನೇ ವಯಸ್ಸಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ. ಕ್ರಮವಾದ ಶಾಲೆ ಇಲ್ಲ. ಮಗು ದುಡಿದ ಹಣದಿಂದ ಮನೆ ನಡೆಯುತ್ತಿತ್ತು. 2020ರಲ್ಲಿ ಬಂದ ವಿದ್ಯಾ ಬಾಲನ್ ಸಿನಿಮಾ ಇದನ್ನೆಲ್ಲ ತೋರಿಸಿದೆ, ನಾನು ಅದನ್ನು ಮತ್ತೆ ಹೇಳುವುದಿಲ್ಲ. ಸಿನಿಮಾ ಬಿಟ್ಟದ್ದು ಸಂಖ್ಯೆಯನ್ನು. ನಾವು ಅದನ್ನೇ ನೋಡೋಣ.

ಮೊದಲು ಉತ್ತರವನ್ನು ಇನ್ನೊಮ್ಮೆ ನೋಡಿ: 5, 4, 6, 3, 7, 2, 8, 9, 1. ಒಂದರಿಂದ ಒಂಬತ್ತರವರೆಗಿನ ಎಲ್ಲ ಅಂಕಿಗಳೂ ಬಂದಿವೆ, ಯಾವುದೂ ಎರಡು ಸಲ ಬಂದಿಲ್ಲ. ಇದು ತಾನಾಗಿ ಆದದ್ದಲ್ಲ. ಪ್ರಶ್ನೆ ಸಿದ್ಧಪಡಿಸಿದವರು ಒಂಬತ್ತು ಅಂಕಿಗಳನ್ನು ಕಲಸಿ ಒಂದು ಸಂಖ್ಯೆ ಮಾಡಿ, ಅದನ್ನು 23ನೇ ಘಾತಕ್ಕೆ ಏರಿಸಿದ್ದಾರೆ ಎಂದು ಅದರ ಮುಖವೇ ಹೇಳುತ್ತದೆ. ಒಂದರಿಂದ ಒಂಬತ್ತನ್ನು ಕೂಡಿದರೆ 45. ಅಂಕಿಗಳ ಮೊತ್ತ ಒಂಬತ್ತರಿಂದ ಭಾಗವಾದರೆ ಸಂಖ್ಯೆಯೂ ಒಂಬತ್ತರಿಂದ ಭಾಗವಾಗುತ್ತದೆ. ಆದ್ದರಿಂದ ಈ ಒಂಬತ್ತು ಅಂಕಿಗಳನ್ನು ಹೇಗೆ ಕಲಸಿದರೂ ಸಿಗುವುದು ಸಂಯುಕ್ತ ಸಂಖ್ಯೆಯೇ, ಅಂದರೆ ಇನ್ನೂ ಚಿಕ್ಕ ಸಂಖ್ಯೆಗಳ ಗುಣಲಬ್ಧವೇ; ಅವಿಭಾಜ್ಯ ಸಂಖ್ಯೆ ಎಂದಿಗೂ ಸಿಗುವುದಿಲ್ಲ.

ಈ ಒಂಬತ್ತರ ಗುಟ್ಟನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಫೋರ್ಟಿನ ಒಂದು ಬ್ಯಾಂಕಿನ ಲೆಡ್ಜರ್ ಕೋಣೆಯಲ್ಲಿ. ಕಂಪ್ಯೂಟರ್ ಬರುವ ಮುಂಚೆ ಬ್ಯಾಲೆನ್ಸಿಂಗ್ ಎಂದರೆ ಹಬ್ಬವೂ ಹೌದು, ಶಿಕ್ಷೆಯೂ ಹೌದು. ಪುಟಗಟ್ಟಲೆ ಮೊತ್ತ ಕೂಡಿ, ಕೊನೆಗೆ ತಾಳೆಯಾಗದೆ ಒಂದು ಡಿಫರೆನ್ಸ್ ಉಳಿಯುತ್ತಿತ್ತು. ಆಗ ಹಿರಿಯ ಗುಮಾಸ್ತರು ಕೇಳುತ್ತಿದ್ದ ಮೊದಲ ಮಾತು, “ಒಂಬತ್ತರಿಂದ ಹೋಗುತ್ತದಾ ನೋಡಮ್ಮಾ” ಎಂದು. ಹೋದರೆ ಎಲ್ಲೋ ಅಂಕಿ ಅದಲುಬದಲಾಗಿರಬೇಕು ಎಂದರ್ಥ. 4,572 ಬರೆಯುವಲ್ಲಿ 4,752 ಬರೆದರೆ ವ್ಯತ್ಯಾಸ 180, ಒಂಬತ್ತಿಪ್ಪತ್ತಲ. ಅಂಕಿ ಯಾವ ಮನೆಯಲ್ಲಿ ಕೂತರೂ ಒಂಬತ್ತರ ಕಣ್ಣಿಗೆ ಅದರ ಬೆಲೆ ಒಂದೇ. ಹಾಗಾಗಿ ಅದಲುಬದಲಿನಿಂದ ಆಗುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಡಿಯೇ. ಫೋರ್ಟಿನ ಎಷ್ಟೋ ಕಚೇರಿಗಳಲ್ಲಿ ನಮ್ಮವರು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾದವರು, ಈ ಸೂತ್ರ ಹಿಡಿದು ಕೊನೆಯ ಲೋಕಲ್ ತಪ್ಪಿಸಿಕೊಳ್ಳದೆ ಮನೆ ಸೇರಿದ್ದಾರೆ.

ಶಕುಂತಲಾ ದೇವಿಯ ಇನ್ನೊಂದು ದಾಖಲೆಯನ್ನೂ ಈ ಸೂತ್ರದಿಂದ ಪರೀಕ್ಷಿಸಬಹುದು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರು 7,686,369,774,870 ಮತ್ತು 2,465,099,745,779 ಎಂಬ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡುಗಳಲ್ಲಿ 18,947,668,177,995,426,462,773,730 ಎಂದರು. ಮೊದಲನೆಯದರ ಅಂಕಿಗಳ ಮೊತ್ತ 78, ಮತ್ತೆ ಕೂಡಿದರೆ 15, ಮತ್ತೆ ಕೂಡಿದರೆ 6. ಎರಡನೆಯದು 74, 11, ಕೊನೆಗೆ 2. ಆರೆರಡಲ ಹನ್ನೆರಡು, ಅಂದರೆ 3. ಉತ್ತರದ ಅಂಕಿಗಳ ಮೊತ್ತ 138, ಅದು 12, ಅದೂ 3. ತಾಳೆಯಾಯಿತು. ಕಾಗದ ಪೆನ್ನು ಹಿಡಿದು ಈ ಕೂಡುವಿಕೆಯನ್ನಷ್ಟೇ ಮಾಡಲು ನನಗೆ ಎರಡು ನಿಮಿಷ ಬೇಕಾಯಿತು!

ಮತ್ತೆ 201 ಅಂಕಿಗಳ ಸಂಖ್ಯೆಗೆ ಬರೋಣ. ಅದರ ಮೂಲ 54,63,72,891ನ್ನು ಮೂರರಿಂದ ಮೂರು ಸಲ ಭಾಗಿಸಬಹುದು. ಆಮೇಲೆ 2,02,36,033 ಉಳಿಯುತ್ತದೆ, ಅದು ಮೂರಕ್ಕೆ ಬಗ್ಗುವುದಿಲ್ಲ. ಮೂಲದಲ್ಲಿ ಮೂರು ‘ಮೂರು’ಗಳಿದ್ದರೆ 23ನೇ ಘಾತದಲ್ಲಿ 69 ‘ಮೂರು’ಗಳು. ಹೊರಗಿನಿಂದ ಗೊತ್ತುಗುರಿಯಿಲ್ಲದ ಅಂಕಿಗಳ ರಾಶಿಯಂತೆ ಕಾಣುವ ಸಂಖ್ಯೆ ಒಳಗಡೆ ಕೈಮಗ್ಗದ ಸೀರೆಯ ಅಂಚಿನಂತೆ ಒಂದೇ ಬುಟ್ಟಾವನ್ನು 23 ಸಲ ನೇಯ್ದದ್ದು. ಆ ನೇಯ್ಗೆಯೇ ಅದನ್ನು ಬಿಚ್ಚುವ ದಾರಿ.

ಹೇಗೆ? ಸಂಖ್ಯೆಗೆ ಎರಡು ತುದಿ. ಎಡತುದಿಯಿಂದ ಬನ್ನಿ. ಮೊದಲ ಅಂಕಿಯನ್ನೂ ನೋಡುವುದು ಬೇಡ, 201 ಅಂಕಿ ಇವೆ ಎಂದು ಎಣಿಸಿದರೆ ಸಾಕು, ಮೂಲವು ಸುಮಾರು 49 ಕೋಟಿ 61 ಲಕ್ಷ ಮತ್ತು 54 ಕೋಟಿ 85 ಲಕ್ಷದ ನಡುವೆ ಇರಲೇಬೇಕು. ಅದಕ್ಕಿಂತ ಕಡಿಮೆಯಾದರೆ 200 ಅಂಕಿ, ಹೆಚ್ಚಾದರೆ 202 ಅಂಕಿ. ಸಂಖ್ಯೆ 9ರಿಂದ ಶುರುವಾಗುವುದರಿಂದ ಮೂಲವು ಮೇಲಿನ ತುದಿಗೆ ಹತ್ತಿರ. ಲಾಗರಿದಮ್ ಬಾಯಲ್ಲಿದ್ದವರು ಇಲ್ಲಿಂದ ಮುಂದೆ ಇನ್ನೂ ಕೆಲವು ಅಂಕಿ ಪಡೆಯಬಹುದು, ಯಾಕೆಂದರೆ 23ನೇ ಮೂಲಕ್ಕೆ ಇಳಿಯುವಾಗ ಅಂದಾಜಿನ ತಪ್ಪು 23 ಪಾಲು ಸಣ್ಣದಾಗುತ್ತದೆ. ಘಾತ ದೊಡ್ಡದಾದಷ್ಟೂ ಲೆಕ್ಕ ಭಯಂಕರವಾಗಿ ಕಾಣುತ್ತದೆ, ಒಳಗೆ ಮಾತ್ರ ಸ್ವಲ್ಪ ಮೃದುವಾಗುತ್ತದೆ. ತೆಂಗಿನಕಾಯಿಯ ಹಾಗೆ.

ಬಲತುದಿ ಇನ್ನೂ ಚೆಂದ. ಇದನ್ನು ನೀವೇ ಮಾಡಿ ನೋಡಿ, ಕೂಡಿಸಿ ಗುಣಿಸುವುದು ಬಂದರೆ ಸಾಕು. ಸಂಖ್ಯೆಯ ಕೊನೆಯ ಎರಡು ಅಂಕಿ 71. ಅದನ್ನು 71ರಿಂದ ಗುಣಿಸಿ, 5041. ಕೊನೆಯ ಎರಡು ಅಂಕಿ ಮಾತ್ರ ಇಟ್ಟುಕೊಳ್ಳಿ, 41. ಮತ್ತೆ 71ರಿಂದ ಗುಣಿಸಿ, 2911, ಇಟ್ಟುಕೊಳ್ಳುವುದು 11. ಹೀಗೇ ಮುಂದುವರಿದರೆ 81, 51, 21, 91. ಏಳನೆಯದಕ್ಕೆ ನಿಲ್ಲಿಸಿ. 91. ಶಕುಂತಲಾ ದೇವಿಯ ಉತ್ತರದ ಕೊನೆಯ ಎರಡು ಅಂಕಿ ಯಾವುವು? 54,63,72,891.

ನಾನು ಮೊದಲ ಸಲ ಇದನ್ನು ಮಾಡಿ ನೋಡಿದಾಗ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿದ್ದೆ. 23ನೇ ಘಾತದಿಂದ ಮುಚ್ಚಿದ ಪೆಟ್ಟಿಗೆ 7ನೇ ಘಾತದಿಂದ ತೆರೆಯಿತು. 23 ಕೀಲಿ ಹಾಕಿತು, 7 ಕೀಲಿ ತೆಗೆಯಿತು. ಏಳೇ ಯಾಕೆ? ನಾವು ಕೊನೆಯ ಎರಡು ಅಂಕಿ ಮಾತ್ರ ಇಟ್ಟುಕೊಳ್ಳುತ್ತಿದ್ದೇವೆ, ಅಂದರೆ 100ರಿಂದ ಭಾಗಿಸಿ ಶೇಷ ಹಿಡಿಯುತ್ತಿದ್ದೇವೆ. 100 ಎಂಬುದು ಎರಡು 2, ಎರಡು 5 ಸೇರಿ ಆದ ಸಂಯುಕ್ತ ಸಂಖ್ಯೆ. ಈ ಅಪವರ್ತನಗಳು ಗೊತ್ತಿದ್ದರೆ 40 ಎಂಬ ಇನ್ನೊಂದು ಸಂಖ್ಯೆ ಸಿಗುತ್ತದೆ: 100ರವರೆಗೆ 2ಕ್ಕೂ 5ಕ್ಕೂ ಸಿಗದ ಸಂಖ್ಯೆಗಳು 40 ಇವೆ. 23ನ್ನು 7ರಿಂದ ಗುಣಿಸಿದರೆ 161, 40ರಿಂದ ಭಾಗಿಸಿದರೆ ಶೇಷ 1. ಅದಕ್ಕೇ 7. ಇದರ ಹಿಂದಿರುವುದು 18ನೇ ಶತಮಾನದ ಆಯ್ಲರನ ಪ್ರಮೇಯ. ಅದರ ಸಾಧನೆ ಇಲ್ಲಿ ಬೇಡ. ಒಂದು ಮಾತು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ: 100ರ ಅಪವರ್ತನ ಗೊತ್ತಿದ್ದುದರಿಂದಲೇ ಕೀಲಿ ಸಿಕ್ಕಿತು.

ಎರಡೂ ತುದಿಯಿಂದ ಒಳಗೆ ಬಂದರೂ ನಡುವಿನ ಅಂಕಿಗಳನ್ನು ಹಿಡಿಯಬೇಕು, ಅದೂ ಕಾಗದವಿಲ್ಲದೆ, ಜನರ ಎದುರು, 50 ಸೆಕೆಂಡುಗಳಲ್ಲಿ. ದಾರಿ ಇದೆ ಎಂದು ತಿಳಿದ ಮಾತ್ರಕ್ಕೆ ನಡಿಗೆ ಸುಲಭವಾಗುವುದಿಲ್ಲ. 1988ರಲ್ಲಿ ಬರ್ಕ್ಲಿಯ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸೆನ್ ಅವರನ್ನು ಪರೀಕ್ಷಿಸಿದರು. 6,16,29,875ರ ಘನಮೂಲ, 17,08,59,375ರ ಏಳನೇ ಮೂಲ ಇಂಥವು ಪ್ರಶ್ನೆಗಳು. ತಾನು ಸಂಖ್ಯೆಯನ್ನು ಪುಸ್ತಕಕ್ಕೆ ಇಳಿಸಿಕೊಳ್ಳುವ ಮೊದಲೇ ಉತ್ತರ (395, 15) ಬಂದಿತ್ತು ಎಂದು ಅವರು 1990ರಲ್ಲಿ ಬರೆದರು. ‘ಮಾನವ ಕಂಪ್ಯೂಟರ್’ ಎಂಬ ಬಿರುದು ಶಕುಂತಲಾ ದೇವಿಗೆ ಅಷ್ಟು ಹಿಡಿಸಿರಲಿಲ್ಲವಂತೆ. ನನಗೂ ಹಿಡಿಸುವುದಿಲ್ಲ. ಕಂಪ್ಯೂಟರ್ ಪ್ರತಿ ಸಂಖ್ಯೆಯನ್ನೂ ಒಂದೇ ರೀತಿ ಕುಟ್ಟುತ್ತದೆ. ಈಕೆ ಸಂಖ್ಯೆಯ ಗುಣ ನೋಡಿ ಮಾತಾಡಿಸಿದವರು.

ಗುಣ ನೋಡುವ ಈ ಅಭ್ಯಾಸ ನಮ್ಮ ನಾಡಿಗೆ ಹೊಸದಲ್ಲ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಭಾಷೆ ಸಂಸ್ಕೃತ, ನೆಲ ನಮ್ಮದು. ನೃಪತುಂಗನ ರಾಜಧಾನಿ ಮಾನ್ಯಖೇಟ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಏಕ, ದಶ, ಶತದಿಂದ ಶುರು ಮಾಡಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಅವರು ಹೆಸರು ಹೇಳುತ್ತಾರೆ. ಗುಣಾಕಾರದ ಲೆಕ್ಕಗಳಲ್ಲಿ ಅವರಿಗೆ ಒಂದು ಚಪಲ: ಉತ್ತರ ಹಾರದಂತೆ ಕಾಣಬೇಕು. 14,28,57,143ನ್ನು 7ರಿಂದ ಗುಣಿಸಿ ನೋಡಿ, 1,00,00,00,001 ಬರುತ್ತದೆ; ಎರಡು ತುದಿಯಲ್ಲಿ ಮಣಿ, ನಡುವೆ ಬರಿ ದಾರ. ಅದು ರಾಜನ ಕೊರಳಿಗೆ ತಕ್ಕ ಆಭರಣ ಎನ್ನುತ್ತಾರೆ. 12345654321 ಕೂಡ ಅವರಲ್ಲಿದೆ. ಅದು 111111ರ ವರ್ಗ, ಮತ್ತು 111111 ಎಂದರೆ 3, 7, 11, 13, 37 ಇವುಗಳ ಗುಣಲಬ್ಧ. ಈ ಗ್ರಂಥವನ್ನು ಕನ್ನಡಕ್ಕೆ ತಂದು 2000ದಲ್ಲಿ ಹೊಂಬುಜದಿಂದ ಪ್ರಕಟವಾಗುವಂತೆ ಮಾಡಿದವರು ಮೈಸೂರು ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮ. ಮಹಿಳಾ ದಿನದಂದು ನಾವು ಓದುವ ಹೆಸರುಗಳ ಪಟ್ಟಿಯಲ್ಲಿ ಇದೂ ಇರಲಿ.

ಹಾರ ಪೋಣಿಸುವುದು ಸುಲಭ. ಪೋಣಿಸಿದ್ದನ್ನು ನೋಡಿ ಯಾವ ಮಣಿಗಳಿಂದ ಆಯಿತು ಎಂದು ಹೇಳುವುದು ಕಷ್ಟ. ಇದಕ್ಕೆ ಗಣಿತಜ್ಞರು ಹೇಳುವ ಒಂದು ಪ್ರಸಿದ್ಧ ಕಥೆಯಿದೆ. 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಫ್ರಾಂಕ್ ಕೋಲ್ ಎಂಬ ಪ್ರಾಧ್ಯಾಪಕರು ಮಾತಿಲ್ಲದೆ ಬೋರ್ಡಿನ ಬಳಿ ಹೋದರು. ಎರಡನ್ನು 67 ಸಲ ಗುಣಿಸಿ ಒಂದು ಕಳೆದರು. 21 ಅಂಕಿಗಳ ಸಂಖ್ಯೆ ಬಂತು: 147,573,952,589,676,412,927. ಪಕ್ಕದಲ್ಲಿ 193,707,721 ಮತ್ತು 761,838,257,287 ಬರೆದು ಗುಣಿಸಿದರು. ಅದೇ ಸಂಖ್ಯೆ ಬಂತು. ಸಭೆ ಚಪ್ಪಾಳೆ ತಟ್ಟಿತು. 17ನೇ ಶತಮಾನದಿಂದ ಅವಿಭಾಜ್ಯವೆಂಬ ಹೆಸರು ಹೊತ್ತಿದ್ದ ಸಂಖ್ಯೆ ಅದು. ಸಂಯುಕ್ತವೆಂದು 19ನೇ ಶತಮಾನದಲ್ಲೇ ಗೊತ್ತಾಗಿತ್ತು, ಆದರೆ ಅದರ ಅಪವರ್ತನಗಳು ಸಿಕ್ಕಿರಲಿಲ್ಲ. ಎಷ್ಟು ಕಾಲ ಹಿಡಿಯಿತು ಎಂದು ಕೇಳಿದ್ದಕ್ಕೆ ‘ಮೂರು ವರ್ಷದ ಭಾನುವಾರಗಳು’ ಎಂದರಂತೆ. ಗುಣಿಸಿ ತೋರಿಸಲು ಒಂದು ಗಂಟೆಯೂ ಬೇಡ, ಬಿಡಿಸಲು ಮೂರು ವರ್ಷದ ಭಾನುವಾರ! (ಮನೆಯವರು ಆ ಭಾನುವಾರಗಳಲ್ಲಿ ಏನು ಮಾಡುತ್ತಿದ್ದರು ಎಂದು ಯಾರೂ ಬರೆದಿಲ್ಲ.)

ಈ ಕಷ್ಟದಿಂದಲೇ ಒಂದು ಬೀಗ ಮಾಡಬಹುದು ಎಂದು ಅಮೆರಿಕದ ಎಂಐಟಿಯ ಮೂವರಿಗೆ, ರಿವೆಸ್ಟ್, ಶಮೀರ್, ಏಡಲ್‌ಮನ್ ಇವರಿಗೆ ಹೊಳೆದದ್ದು ಅದೇ 1977ರಲ್ಲಿ, ಡಲ್ಲಾಸಿನ 50 ಸೆಕೆಂಡುಗಳ ವರ್ಷದಲ್ಲೇ. ಮೂವರ ಹೆಸರಿನ ಮೊದಲಕ್ಷರ ಸೇರಿ ಅದಕ್ಕೆ ಆರ್‌ಎಸ್‌ಎ ಎಂದು ಹೆಸರಾಯಿತು. ಬ್ರಿಟನ್ನಿನ ಗುಪ್ತ ಇಲಾಖೆಯ ಕ್ಲಿಫರ್ಡ್ ಕಾಕ್ಸ್ 1973ರಲ್ಲೇ ಇದನ್ನು ಕಂಡುಕೊಂಡಿದ್ದರು. ಇಲಾಖೆ ಗುಟ್ಟು ಬಿಡದ ಕಾರಣ ಲೋಕಕ್ಕೆ ತಿಳಿದದ್ದು 1997ರಲ್ಲಿ.

ಬೀಗದ ಕೆಲಸ ನೀವು ಮೇಲೆ 71ನ್ನು ಏಳು ಸಲ ಇಟ್ಟು ಗುಣಿಸಿದಿರಲ್ಲ, ಹೆಚ್ಚುಕಡಿಮೆ ಅದೇ. ಸಂದೇಶವನ್ನು ಒಂದು ಸಂಖ್ಯೆ ಮಾಡಿ, ಘಾತಕ್ಕೆ ಏರಿಸಿ, ಶೇಷ ಇಟ್ಟುಕೊಳ್ಳುವುದು. ತೆರೆಯುವುದು ಎಂದರೆ ಮೂಲ ತೆಗೆಯುವುದು. ವ್ಯತ್ಯಾಸ ಒಂದೇ: 100ರ ಜಾಗದಲ್ಲಿ ಒಂದು ಮಹಾ ಸಂಯುಕ್ತ ಸಂಖ್ಯೆ, ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧ. ಆ ಸಂಖ್ಯೆಯನ್ನು ಊರಿಗೆಲ್ಲ ಹೇಳಬಹುದು, ಎಷ್ಟನೇ ಘಾತ ಎಂಬುದನ್ನೂ ಹೇಳಬಹುದು. ಎರಡು ಅಪವರ್ತನಗಳನ್ನು ಮಾತ್ರ ಮನೆಯೊಳಗೆ ಇಟ್ಟುಕೊಳ್ಳಬೇಕು. 100 ಎಂದರೆ ಎರಡುಗಳು, ಐದುಗಳು ಎಂದು ನಮಗೆ ತಿಳಿದಿದ್ದರಿಂದ 7 ಎಂಬ ಕೀಲಿ ಸಿಕ್ಕಿತು. ಆ ಮಹಾಸಂಖ್ಯೆಯನ್ನು ಬಿಡಿಸಲಾಗದವರಿಗೆ ಅದರ ‘7’ ಸಿಗುವುದಿಲ್ಲ. ಎಡತುದಿಯ ಅಂದಾಜೂ ಕೆಲಸಕ್ಕೆ ಬಾರದು, ಯಾಕೆಂದರೆ ಶೇಷ ಹಿಡಿದಾಗ ದೊಡ್ಡದು ಚಿಕ್ಕದು ಎಂಬ ಸುಳಿವೆಲ್ಲ ಅಳಿಸಿಹೋಗುತ್ತದೆ.

ಆ ಆಗಸ್ಟಿನ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಇದನ್ನು ವಿವರಿಸಿ, 129 ಅಂಕಿಗಳ ಒಂದು ಸಂಖ್ಯೆಯನ್ನು ಓದುಗರ ಮುಂದಿಟ್ಟರು. ಬಿಡಿಸಿ ಗುಪ್ತ ವಾಕ್ಯ ಓದಿದವರಿಗೆ 100 ಡಾಲರ್. (ಇದೇ ಗಾರ್ಡ್ನರ್ 1975ರ ಮಾರ್ಚಿನಲ್ಲಿ ನಮ್ಮ ದೇವಲಾಲಿಯ ಶಾಲಾ ಮಾಸ್ತರ ಕಾಪ್ರೇಕರ್ ಬಗ್ಗೆ ಬರೆದು ಅವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿದ್ದರು. ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆಗೆ ಕಾಪ್ರೇಕರ್ ಇಟ್ಟ ಹೆಸರು ‘ಹರ್ಷದ’, ಸಂತೋಷ ಕೊಡುವಂಥದ್ದು. ದಲಾಲ್ ಸ್ಟ್ರೀಟಿನಲ್ಲಿ ಆ ಹೆಸರು ಹೇಳಿದರೆ ಈಗಲೂ ಬೇರೆಯದೇ ನೆನಪಾಗುತ್ತದೆ.) 129 ಅಂಕಿಗಳ ಆ ಸಂಖ್ಯೆ ಬಿದ್ದದ್ದು 1994ರ ಏಪ್ರಿಲಿನಲ್ಲಿ, 17 ವರ್ಷದ ಮೇಲೆ, ಸುಮಾರು 600 ಸ್ವಯಂಸೇವಕರು ಇಂಟರ್ನೆಟ್ಟಿನ ಮೂಲಕ ಸಾವಿರಾರು ಯಂತ್ರಗಳನ್ನು ತಿಂಗಳುಗಟ್ಟಲೆ ದುಡಿಸಿದಾಗ. ಒಳಗೆ 64 ಅಂಕಿಯ ಒಂದು, 65 ಅಂಕಿಯ ಒಂದು ಅವಿಭಾಜ್ಯ ಸಿಕ್ಕವು. ಗುಪ್ತ ವಾಕ್ಯ ಹೇಸಿಗೆ ಪಡುವ ಒಂದು ರಣಹದ್ದಿನ ಬಗ್ಗೆ, ಅರ್ಥವಿಲ್ಲದ ತಮಾಷೆ.

201 ಅಂಕಿಗಳ ಸಂಖ್ಯೆ 50 ಸೆಕೆಂಡುಗಳಲ್ಲಿ ಬಾಯಿ ಬಿಟ್ಟಿತು. 129 ಅಂಕಿಗಳದ್ದು 17 ವರ್ಷ ಬಾಯಿ ಮುಚ್ಚಿಕೊಂಡಿತ್ತು. ಒಂದರಲ್ಲಿ ಒಂದೇ ಬುಟ್ಟಾ 23 ಸಲ. ಇನ್ನೊಂದರಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ದಾರ. ಹಿರಿದು ಕಿರಿದಿನಲ್ಲಿ ಕಷ್ಟ ಇರುವುದಿಲ್ಲ, ಹುಟ್ಟಿನಲ್ಲಿರುತ್ತದೆ. ಶಕುಂತಲಾ ದೇವಿಗೆ ಆ 129 ಅಂಕಿಗಳನ್ನು ಕೊಟ್ಟಿದ್ದರೆ ಅವರಿಗೂ ಆಗುತ್ತಿರಲಿಲ್ಲ, ಎಂದು ಹೇಳಿದರೆ ಅವರ ಕೀರ್ತಿಗೆ ಕುಂದಿಲ್ಲ. ಯಾರಿಗೂ ಆಗುತ್ತಿರಲಿಲ್ಲ, ಅದನ್ನು ಮಾಡಿದ್ದೇ ಹಾಗೆ.

ಇನ್ನು ಫೋರ್ಟ್. ಹೆಸರೇ ಕೋಟೆ. ಬ್ರಿಟಿಷರು ಕಟ್ಟಿದ ಗೋಡೆಗೆ ಮೂರು ಬಾಗಿಲುಗಳಿದ್ದವು: ಅಪೋಲೋ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಕಾಲದಲ್ಲಿ ಗೋಡೆ ಕೆಡವಿದರು. ಚರ್ಚ್ ಗೇಟ್ ಇದ್ದ ಕಡೆ ಇವತ್ತು ಫ್ಲೋರಾ ಫೌಂಟನ್ ಇದೆ. ಗೋಡೆ ಹೋದ ಮೇಲೆ ಕಾವಲು ಕಾಗದಕ್ಕೆ ಬಂತು. 1875ರಲ್ಲಿ ಷೇರು ದಲ್ಲಾಳಿಗಳ ಸಂಘವಾಯಿತು, 1937ರಲ್ಲಿ ರಿಸರ್ವ್ ಬ್ಯಾಂಕಿನ ಕೇಂದ್ರ ಕಚೇರಿ ಕಲ್ಕತ್ತೆಯಿಂದ ಇಲ್ಲಿಗೆ ಬಂತು. ನಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ನಂಬಿಕೆ ಎಂದರೆ ಸಹಿ. ಮಾದರಿ ಸಹಿಯ ಕಾರ್ಡಿನ ಡಬ್ಬಿಗಳು, ಚೆಕ್ಕನ್ನು ಹತ್ತಿರ ಹಿಡಿದು ನೋಡುವ ಕಣ್ಣುಗಳು. 1992ರಲ್ಲಿ ಈ ಕಾಗದದ ನಂಬಿಕೆ ಎಷ್ಟು ತೆಳು ಎಂದು ಊರಿಗೇ ಗೊತ್ತಾಯಿತು. ಹಿಂದೆ ಸಾಲಪತ್ರಗಳೇ ಇಲ್ಲದ ಬ್ಯಾಂಕ್ ರಸೀದಿಗಳ ಮೇಲೆ ಕೋಟಿಗಟ್ಟಲೆ ಹಣ ಓಡಾಡಿತ್ತು, ಅದನ್ನು ಬಯಲಿಗೆಳೆದದ್ದು ಪತ್ರಕರ್ತೆ ಸುಚೇತಾ ದಲಾಲ್. 1995ರಲ್ಲಿ ಷೇರುಪೇಟೆಯ ಕೂಗಾಟದ ಅಂಗಳ ಹೋಗಿ ಪರದೆ ಬಂತು. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. 2004ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕು ಆರ್‌ಟಿಜಿಎಸ್ ಶುರು ಮಾಡಿತು.

ಡಿಜಿಟಲ್ ಸಹಿ ಎಂದರೆ ಶಾಯಿಯ ಸಹಿಯ ಫೋಟೋ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅಲ್ಲ. ಆರ್‌ಎಸ್‌ಎ ಬಗೆಯ ಸಹಿ ಎಂದರೆ ಮಹಾ ಸಂಯುಕ್ತ ಸಂಖ್ಯೆಯೊಂದರ ಶೇಷಗಳ ನಡುವೆ ತೆಗೆದ ಒಂದು ಮೂಲ. ಅಪವರ್ತನ ಬಲ್ಲ ಒಡೆಯ ಮಾತ್ರ ತೆಗೆಯಬಲ್ಲ; ಸರಿಯೋ ಅಲ್ಲವೋ ಎಂದು ಘಾತಕ್ಕೇರಿಸಿ ಯಾರು ಬೇಕಾದರೂ ನೋಡಬಹುದು. 1977ರಲ್ಲಿ ಬೆಂಗಳೂರಿನ ಹೆಂಗಸು ವೇದಿಕೆಯ ಮೇಲೆ ಮಾಡಿದ್ದೂ ಮೂಲ ತೆಗೆಯುವುದನ್ನೇ. ಹಾರ್ನಿಮನ್ ಸರ್ಕಲಿನ ಸುತ್ತ ಹಗಲೂ ರಾತ್ರಿ ಸದ್ದಿಲ್ಲದೆ ನಡೆಯುವ ಕೆಲಸದಲ್ಲೂ ಅದು ಸೇರಿದೆ.

ಈಗ ಇಂಥ ಬೀಗಗಳಲ್ಲಿ ಸಾಮಾನ್ಯವಾಗಿ ಇರುವುದು 617 ಅಂಕಿಗಳ ಸಂಖ್ಯೆ. ಇದನ್ನು ಹೇಳಲು ನನಗೊಂದು ಕಾರಣವಿದೆ. ನಮ್ಮ ಸದಸ್ಯೆಯರಲ್ಲಿ ಪಿಂಚಣಿಯ ಹಣ ಕಳೆದುಕೊಂಡವರಿದ್ದಾರೆ. “ಆನ್‌ಲೈನ್ ಎಂದರೇ ಹಾಗೆ, ಯಾರೋ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ ಬೀಗ ಒಡೆದರು” ಎಂದು ಮಕ್ಕಳು ಹೇಳಿದ್ದನ್ನು ನಂಬಿ ಕೂತಿದ್ದಾರೆ, ಬ್ಯಾಂಕಿನ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದಾರೆ. ಹಾಗಾಗಿಲ್ಲ. ಫೋನಿನಲ್ಲಿ ನಯವಾಗಿ ಮಾತಾಡಿದವನು ಅವರಿಂದ ಓಟಿಪಿ ಕೇಳಿ ಪಡೆದ. ಸಂಖ್ಯೆ ಒಡೆದಿಲ್ಲ, ಬಾಗಿಲು ತಟ್ಟಿದವನಿಗೆ ಬಾಗಿಲು ತೆರೆಯಿತು. ಇದರಲ್ಲಿ ಅವರಿಗೆ ಗಣಿತ ಬಾರದ್ದರ ಪಾತ್ರ ಏನೂ ಇಲ್ಲ. ಎಂಜಿನಿಯರುಗಳೂ ಇದೇ ರೀತಿ ಮೋಸಹೋಗಿದ್ದಾರೆ. ಕೂಡಲೇ 1930ಕ್ಕೆ ಫೋನ್ ಮಾಡುವುದು, ಬ್ಯಾಂಕಿಗೆ ಬರೆದು ಕೊಡುವುದು ಇದಕ್ಕೆ ಇರುವ ದಾರಿ.

ಬೀಗ ಎಂದೆಂದಿಗೂ ಉಳಿಯುತ್ತದೆ ಎಂದು ನಾನು ಹೇಳುತ್ತಿಲ್ಲ. 129 ಅಂಕಿಯದು ಬಿದ್ದ 1994ರಲ್ಲೇ ಪೀಟರ್ ಶೋರ್ ಎಂಬವರು, ಕ್ವಾಂಟಂ ಕಂಪ್ಯೂಟರ್ ಎಂಬ ಯಂತ್ರ ದೊಡ್ಡದಾಗಿ ಕೈಗೂಡಿದರೆ ಅಪವರ್ತನ ಕಷ್ಟವಾಗಿ ಉಳಿಯದು ಎಂದು ತೋರಿಸಿದರು. ಅದಕ್ಕಾಗಿ 2024ರ ಆಗಸ್ಟಿನಲ್ಲಿ ಅಮೆರಿಕದ ಮಾನಕ ಸಂಸ್ಥೆ ಬೇರೆ ಬಗೆಯ ಬೀಗಗಳನ್ನು ಪ್ರಕಟಿಸಿದೆ, ಬದಲಾವಣೆ ಶುರುವಾಗಿದೆ. ಸಾಧಾರಣ ಕಂಪ್ಯೂಟರುಗಳ ಮಟ್ಟಿಗೆ, 2020ರ ಫೆಬ್ರುವರಿಯಲ್ಲಿ 250 ಅಂಕಿಗಳ ಇಂಥ ಒಂದು ಸಂಖ್ಯೆಯನ್ನು ಬಿಡಿಸಿದರು. ಒಂದೇ ಯಂತ್ರದ ಒಂದೇ ಮಿದುಳು ಆ ಕೆಲಸಕ್ಕೆ ಕೂತಿದ್ದರೆ ಸುಮಾರು 2,700 ವರ್ಷ ಬೇಕಾಗುತ್ತಿತ್ತು.

ಅದೇ ವರ್ಷ ಜುಲೈ 30ರಂದು ಗಿನ್ನೆಸ್ ಸಂಸ್ಥೆ ಇಂಪೀರಿಯಲ್ ಕಾಲೇಜಿನ ಗುಣಾಕಾರಕ್ಕೆ ಶಕುಂತಲಾ ದೇವಿಯ ಹೆಸರಿನಲ್ಲಿ ಪ್ರಮಾಣಪತ್ರ ಕೊಟ್ಟಿತು, 40 ವರ್ಷ ತಡವಾಗಿ. ಅವರು 2013ರ ಏಪ್ರಿಲ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡಿದ್ದರು. ಆರ್‌ಎಸ್‌ಎ ಕಂಪನಿ ಸ್ಪರ್ಧೆಗೆಂದು ಹೊರಗಿಟ್ಟ 617 ಅಂಕಿಗಳ ಸಂಖ್ಯೆ 2519ರಿಂದ ಶುರುವಾಗುತ್ತದೆ. 2,00,000 ಡಾಲರ್ ಬಹುಮಾನವಿತ್ತು, 2007ರಲ್ಲಿ ಸ್ಪರ್ಧೆಯನ್ನೇ ನಿಲ್ಲಿಸಿದರು. ಅದು ಸಂಯುಕ್ತ ಸಂಖ್ಯೆ, ಒಳಗೆ ಎರಡೇ ಅವಿಭಾಜ್ಯಗಳಿವೆ ಎಂದು ಎಲ್ಲರಿಗೂ ಗೊತ್ತು. ಆ ಎರಡನ್ನು ಈವರೆಗೆ ಯಾರೂ ಹೇಳಿಲ್ಲ.